ಒಂದೇ ಸಲಕ್ಕೆ ಸ್ಟಾರ್ಟ್ ಆದ ಕಾರು

ನನ್ನ ಬಾಯಿ ಜೋರು ಅಂತ ನಮ್ಮ ಬೀದಿಯೆಲ್ಲ ಹೇಳುತ್ತದೆ. ಹೇಳಿಕೊಳ್ಳಲಿ. ಬೆಳಗಿನಿಂದ ಸಂಜೆಯ ತನಕ ಎಂಜಿನ್ನುಗಳ ಪಕ್ಕ ನಿಂತು ಮಾತಾಡುವವಳ ಬಾಯಿ ಮೆತ್ತಗಿದ್ದರೆ ಯಾರ ಕಿವಿಗೆ ಬೀಳುತ್ತದೆ? ಅಪ್ಪ ಬಿಟ್ಟುಹೋದ ಗ್ಯಾರೇಜು ನನ್ನದು, ಅಪ್ಪನ ಪಾನಾಗಳು ನನ್ನವು, ಅಪ್ಪನ ಸಿಟ್ಟೂ ನನ್ನದೇ. ಮನೆಯ ಹಿಂದೆ ಶೆಡ್ಡು, ಮನೆಯ ಮುಂದಿನ ಕೋಣೆಯಲ್ಲಿ ನನ್ನ ಗಂಡನ ಟೈಲರ್ ಅಂಗಡಿ. ಅವರ ಕಡೆ ನೆಲದ ಮೇಲೆ ಒಂದು ದಾರದ ಎಳೆ ಬಿದ್ದಿರುವುದಿಲ್ಲ. ನನ್ನ ಕಡೆ ನೆಲ ಯಾವ ಬಣ್ಣದ್ದು ಎಂದು ನನಗೇ ಮರೆತುಹೋಗಿದೆ.

ನನ್ನ ಗಂಡನ ವಿಷಯ ಹೇಳಬೇಕು. ನಾನು ಹಾಕಿದ ಗೆರೆ ದಾಟುವ ಮನುಷ್ಯ ಅಲ್ಲ. ಹೆದರಿಕೆಯಿಂದ ಅಲ್ಲ ಮತ್ತೆ, ಹಾಗೆಂದುಕೊಂಡು ನಗಬೇಡಿ. ಬಟ್ಟೆಯ ಮಾತಿಗೆ ನಾನು ಬಾಯಿ ಹಾಕುವುದಿಲ್ಲ, ಕಾರಿನ ಮಾತಿಗೆ ಅವರು ಬಾಯಿ ಹಾಕುವುದಿಲ್ಲ, ಅಷ್ಟೇ. ನಾನು ಕಾರಿನ ಬಗ್ಗೆ ಏನಾದರೂ ಹೇಳಿದರೆ ಅವರು ಅಳತೆ ಬರೆದುಕೊಳ್ಳುವ ಹಾಗೆ ತಲೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಒಂದು ಎಳೆಯೂ ಆಚೀಚೆ ಆಗುವುದಿಲ್ಲ. "ಅಳಿಯಂದ್ರು ಅಂದ್ರೆ ಹೀಗಿರಬೇಕು" ಎಂದು ನಮ್ಮಮ್ಮ ಕಂಡಕಂಡವರಿಗೆಲ್ಲ ಹೇಳುತ್ತಾಳೆ. ಕೇಳಿದಾಗ ನನಗೂ ಹೆಮ್ಮೆಯೇ. ಗಂಡ ಮಾತು ಕೇಳಿದರೆ ಯಾವ ಹೆಂಡತಿಗೆ ಕಹಿ?

ನಮ್ಮ ಕಾರು ಮಾವನವರ ಕಾಲದ್ದು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವಳ ಸ್ವಂತ ಗಾಡಿಯ ಗತಿ ನಿಮಗೆ ಗೊತ್ತೇ ಇರುತ್ತದೆ. ದೀಪದ ಬುಡದಲ್ಲೇ ಕತ್ತಲು. ಬೆಳಿಗ್ಗೆ ಹೇಗೋ ಕೊಸರಾಡಿಕೊಂಡು ಹೊರಡುತ್ತಿತ್ತು. ಬಿಸಿಯಾದ ಮೇಲೆ ಎಲ್ಲಾದರೂ ನಿಲ್ಲಿಸಿದಿರೋ, ಮತ್ತೆ ಸ್ಟಾರ್ಟ್ ಮಾಡುವಷ್ಟರಲ್ಲಿ ಬ್ಯಾಟರಿಯ ಜೀವ ಹೋಗುತ್ತಿತ್ತು. ಎಂಜಿನ್ ಆರಿಸಿದ ಮೇಲೂ ಪೆಟ್ರೋಲಿನ ಒತ್ತಡ ಪೈಪಿನೊಳಗೆ ನಿಂತಿರಬೇಕು. ನಮ್ಮ ಕಾರಿನಲ್ಲಿ ಅದು ನಿಲ್ಲುತ್ತಿರಲಿಲ್ಲ, ಎಲ್ಲಿಯೋ ಇಳಿದುಹೋಗುತ್ತಿತ್ತು.

ರಿಪೇರಿಗೆ ಪುರುಸೊತ್ತಿಲ್ಲದೆ ಗಂಡನಿಗೆ ಒಂದು ಉಪಾಯ ಹೇಳಿಕೊಟ್ಟಿದ್ದೆ. "ರೀ, ಬಿಸಿ ಇದ್ದಾಗ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಸುಮ್ನೆ ಸೆಲ್ಫ್ ಹೊಡೀಬೇಡಿ. ಕೀ ಅರ್ಧ ತಿರುಗಿಸಿ, ಆಫ್ ಮಾಡಿ. ಮತ್ತೆ ಅರ್ಧ, ಮತ್ತೆ ಆಫ್. ಹಾಗೆ ಮೂರ್ನಾಲ್ಕು ಸಲ ಮಾಡಿ. ಪ್ರತಿ ಸಲ ಪಂಪು ಸ್ವಲ್ಪ ಸ್ವಲ್ಪ ಪೆಟ್ರೋಲ್ ನೂಕುತ್ತೆ, ಒತ್ತಡ ಬರುತ್ತೆ. ಆಮೇಲೆ ಸೆಲ್ಫ್ ಹೊಡೀರಿ." ಅವರು ತಲೆಯಾಡಿಸಿದರು. ಅಂದಿನಿಂದ ಎಲ್ಲಿ ನಿಲ್ಲಿಸಿದರೂ ಅದೇ ಕ್ರಮ.

ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಮಾರನೆಯ ದಿನ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಾರು ಕೈಕೊಟ್ಟರೆ ಅಮ್ಮ ನನ್ನ ಮಾನ ತೆಗೆಯುತ್ತಾಳೆ ಎಂದು ಆ ಬೆಳಿಗ್ಗೆ ಕೊನೆಗೂ ಕಾರನ್ನು ಶೆಡ್ಡಿಗೆ ಎಳೆದುಕೊಂಡೆ. ಎಂಜಿನ್ ಆಯಿಲಿನ ಕಡ್ಡಿ ತೆಗೆದು ಮೂಗಿಗೆ ಹಿಡಿದೆ. ಪೆಟ್ರೋಲ್ ವಾಸನೆ. ಬೆರಳಲ್ಲಿ ತಿಕ್ಕಿದರೆ ಆಯಿಲ್ ನೀರಿನ ಹಾಗೆ ತೆಳ್ಳಗಿತ್ತು. ಆಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು, ಆದರೆ ಅರ್ಧ ಉತ್ತರಕ್ಕೆ ಬಿಲ್ ಹಾಕಬಾರದು ಎಂದು ಅಪ್ಪ ಹೇಳುತ್ತಿದ್ದ.

ಪೆಟ್ರೋಲಿನ ಒತ್ತಡ ಅಳೆಯುವ ಗೇಜು ಕಟ್ಟಿದೆ. ಪಂಪು ಓಡಿಸಿದೆ, ಮುಳ್ಳು ಎದ್ದು ನಿಲ್ಲಬೇಕಾದಲ್ಲಿ ನಿಂತಿತು. ಪಂಪು ನಿಲ್ಲಿಸಿದೆ, ಮುಳ್ಳು ಜಾರತೊಡಗಿತು. ಟ್ಯಾಂಕಿನಿಂದ ಪೆಟ್ರೋಲ್ ಬರುವ ರಬ್ಬರ್ ಪೈಪನ್ನು ಲಾಕ್ ಇಕ್ಕಳದಲ್ಲಿ ಕಚ್ಚಿಸಿ ನೋಡಿದೆ, ಆದರೂ ಜಾರಿತು. ಅಂದರೆ ಪೆಟ್ರೋಲ್ ಪಂಪಿನ ಕಡೆಗೆ ವಾಪಸು ಹೋಗುತ್ತಿಲ್ಲ. ಆ ಇಕ್ಕಳ ಬಿಡಿಸಿ, ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪಿಗೆ ಕಚ್ಚಿಸಿದೆ. ಮುಳ್ಳು ಮತ್ತೆ ಜಾರಿತು. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾದರೆ ಉಳಿಯುವುದು ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳು. ನಾಲ್ಕರಲ್ಲಿ ಯಾವುದೋ ಒಂದೋ ಎರಡೋ ಬಾಯಿ ಮುಚ್ಚದೆ, ಎಂಜಿನ್ ಆರಿದ ಮೇಲೂ ಒಳಗೊಳಗೇ ತೊಟ್ಟಿಕ್ಕುತ್ತಿವೆ. ಇನ್ನು ಅವನ್ನು ಪೈಪಿನ ಸಮೇತ ಮೇಲೆತ್ತಿ, ಕೆಳಗೆ ರಟ್ಟು ಇಟ್ಟು, ಯಾವುದು ಸೋರುತ್ತದೆ ಎಂದು ಕಣ್ಣಾರೆ ನೋಡುವುದು ಬಾಕಿ.

ಅಷ್ಟರಲ್ಲಿ ಗಡಿಬಿಡಿಯ ಫೋನು. ಮೊಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಅವನು. ಹುಟ್ಟಿದಾಗಿನಿಂದ ಆತುರ, ಅದಕ್ಕೇ ಆ ಹೆಸರು. ಮೊಟ್ಟೆ ಹೊರುವವನಿಗೆ ಗಡಿಬಿಡಿ ಎಂಬ ಹೆಸರು ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು.

"ಅಕ್ಕಾ, ಗೋಡೌನ್ ಹತ್ರ ನಿಂತೋಗಿದೆ ಅಕ್ಕಾ. ಗಾಡಿ ತುಂಬಾ ಮೊಟ್ಟೆ. ಬಿಸಿಲು ಬೇರೆ. ಇನ್ನೊಂದು ಗಳಿಗೆ ಬಿಟ್ರೆ ಮರಿ ಆಗಿ ಹೊರಗೆ ಬರ್ತವೆ!"

"ಬಂದೆ ಮಾರಾಯ, ಅರಚಬೇಡ" ಎಂದೆ.

ಅವನ ವ್ಯಾನಿಗೂ ಗೇಜು ಬೇಕಾಗಬಹುದು ಎಂದು ನಮ್ಮ ಕಾರಿನಿಂದ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ, ಗೇಜು ಕಟ್ಟಿದ್ದ ಬಾಯಿಗೆ ಬಿರಡೆ ತಿರುಗಿಸಿದೆ. ಮರಳುವ ಪೈಪಿನ ಇಕ್ಕಳ ಹಾಗೇ ಇರಲಿ, ಬಂದು ಮುಂದುವರಿಸಿದರಾಯಿತು ಎಂದುಕೊಂಡೆ. ಎದುರುಮನೆಯ ಬೆಕ್ಕು ಎಂಜಿನ್ ಮೇಲೆ ಹತ್ತಿ ಮಲಗುತ್ತದೆಂದು ಬಾನೆಟ್ ಮುಚ್ಚಿದೆ. ಕೆಲಸ ಅರ್ಧಕ್ಕೆ ನಿಂತ ಗಾಡಿಯ ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟುವುದು ಅಪ್ಪನ ಕಾಲದಿಂದ ನಮ್ಮ ಶೆಡ್ಡಿನ ಪದ್ಧತಿ. ಕೆಂಪು ಬಟ್ಟೆ ಇದ್ದರೆ ಯಾರೂ ಕೀ ಮುಟ್ಟಬಾರದು. ಅದನ್ನೂ ಕಟ್ಟಿದೆ. ಕಟ್ಟಿಯೇ ಹೋದೆ, ಯಾರ ಮೇಲೆ ಬೇಕಾದರೂ ಆಣೆ ಇಡುತ್ತೇನೆ.

ಆಟೋ ಹಿಡಿದು ಗೋಡೌನಿಗೆ ಹೋದರೆ ಗಡಿಬಿಡಿಯ ವ್ಯಾನಿಗೆ ದೊಡ್ಡ ರೋಗವೇನೂ ಇರಲಿಲ್ಲ, ಒಂದು ಫ್ಯೂಸು ಹೋಗಿತ್ತು. ಅವನಿಗೆ ನಾಲ್ಕು ಮಾತು ಬೈದು, ಕೈ ಒರೆಸಿಕೊಂಡು ಫೋನು ನೋಡಿದರೆ ಗಂಡನ ಕರೆ ಬಂದುಹೋಗಿತ್ತು. ನಾನು ಎತ್ತದಿದ್ದಕ್ಕೆ ಅವರ ದನಿಯ ಮೆಸೇಜು ಬಂದು ಕೂತಿತ್ತು. ಕಿವಿಗಿಟ್ಟುಕೊಂಡೆ.

"ಏ, ನಾನು ಕಣೇ. ಕಣ್ಣಾಸ್ಪತ್ರೆಯವರು ಫೋನ್ ಮಾಡಿದ್ರು, ಡಾಕ್ಟರು ನಾಳೆ ಇರಲ್ವಂತೆ, ಇವತ್ತೇ ಬನ್ನಿ ಅಂದ್ರು. ಅತ್ತೇನ ಕರ್ಕೊಂಡು ಹೊರಟಿದೀನಿ. ಅಬ್ಬಾ, ಏನು ಕೈಗುಣನೇ ನಿಂದು! ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು! ಕೀ ತಿರುಗಿಸಿದ್ದೇ ತಡ, ಗುರ್ ಅಂತು. ಆಮೇಲೆ, ಸ್ಟೇರಿಂಗ್ ಮೇಲೆ ಎಣ್ಣೆ ಬಟ್ಟೆ ಬಿಟ್ಟಿದ್ದೆ ನೋಡು ನೀನು. ತೆಗ್ದು ಸೋಪಿನ ನೀರಲ್ಲಿ ನೆನೆ ಹಾಕಿದೀನಿ. ಸರಿ ಇಡ್ತೀನಿ, ಗಾಡಿ ಓಡಿಸ್ವಾಗ ಫೋನ್ ಬೇಡ."

ಮೊದಲು ನನಗೆ ಖುಷಿಯಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗಂಡ ಹೊಗಳಿದ ಎಂದು ಮುಖ ಅರಳಿತು. ಆಮೇಲೆ, ನಾನು ರಿಪೇರಿಯನ್ನೇ ಮಾಡಿಲ್ಲವಲ್ಲ ಎಂಬುದು ನೆನಪಾಯಿತು.

ಒಂದೇ ಸಲಕ್ಕೆ ಸ್ಟಾರ್ಟ್ ಆಗದೆ ಏನು ಮಾಡುತ್ತದೆ? ಪೆಟ್ರೋಲ್ ಮರಳುವ ದಾರಿಯನ್ನು ನನ್ನ ಇಕ್ಕಳ ಕಚ್ಚಿ ಹಿಡಿದಿದೆ. ಪಂಪು ನೂಕುತ್ತಲೇ ಇದೆ, ಹೆಚ್ಚಾದದ್ದಕ್ಕೆ ಹೋಗಲು ದಾರಿಯಿಲ್ಲ. ಒತ್ತಡ ಇರಬೇಕಾದ್ದಕ್ಕಿಂತ ದುಪ್ಪಟ್ಟಾಗಿರುತ್ತದೆ. ಹೊಸ ಕಾರಾಗಿದ್ದರೆ ಹೇಗೋ ತಡೆದೀತು. ಈ ಕಾರಿನ ರಬ್ಬರ್ ಪೈಪುಗಳು ಮಾವನವರ ಕಾಲದವು, ಮುಟ್ಟಿದರೆ ಬಿರುಕು ಕಾಣುತ್ತದೆ. ಟ್ಯಾಂಕಿನಿಂದ ಬರುವ ಪೈಪನ್ನು ಕಚ್ಚಿಸಿ ಬಿಟ್ಟಿದ್ದರೆ ಕಾರು ಅಂಗಳವನ್ನೇ ದಾಟುತ್ತಿರಲಿಲ್ಲ. ನನ್ನ ಗ್ರಹಚಾರ, ಬಿಟ್ಟುಬಂದದ್ದು ಇನ್ನೊಂದರ ಮೇಲೆ.

ಇನ್ನೊಂದು ಯೋಚನೆ ಬಂತು. ಆ ಬಿರಡೆ. ಗೇಜಿನ ಬಾಯಿಗೆ ಹಾಕಿದ ಬಿರಡೆಯನ್ನು ಪಾನಾ ಹಿಡಿದು ಬಿಗಿದಿದ್ದೆನೋ, ಬರೀ ಬೆರಳಲ್ಲಿ ತಿರುಗಿಸಿ ಬಂದಿದ್ದೆನೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅದರ ಕೆಳಗೆ ಎರಡು ಗೇಣು ದೂರದಲ್ಲಿ ಕಾದು ಕೆಂಡವಾಗಿರುವ ಹೊಗೆಯ ಕೊಳವೆ. ಪಿಚಕ್ಕೆಂದು ಒಂದು ಹನಿ ಹಾರಿ ಅದರ ಮೇಲೆ ಬಿದ್ದರೆ ಸಾಕು. ಒಳಗೆ ಕೂತವರು ನನ್ನ ಗಂಡ, ಮತ್ತು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನನ್ನ ಅಮ್ಮ.

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಹೇಗೆ ಎತ್ತುತ್ತಾರೆ? ಗಾಡಿ ಓಡಿಸುವಾಗ ಫೋನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿದವಳು ನಾನೇ. ಅಮ್ಮನ ಫೋನು ಮನೆಯಲ್ಲೇ ಇರುತ್ತದೆ, ಅದನ್ನು ಹೊರಗೆ ತಂದರೆ ಕಳೆದುಹೋಗುತ್ತದೆ ಎಂಬುದು ಅವಳ ವಾದ.

"ಏನಾಯ್ತಕ್ಕಾ? ಮುಖ ಯಾಕೆ ಹಾಗಾಯ್ತು?" ಎಂದ ಗಡಿಬಿಡಿ.

"ಸ್ಕೂಟರ್ ಯಾರದೋ ಅದು? ವ್ಯಾನು ಬೇಡ, ಸಂದಿಯಲ್ಲಿ ನುಗ್ಗಲ್ಲ. ತೆಗಿ. ಬೇಗ ತೆಗಿ!"

"ಗೋಡೌನ್ ಮ್ಯಾನೇಜರ್‌ದು. ಕೇಳ್ಬೇಕು..."

"ಜೀವ ಹೋಗೋ ಹೊತ್ತಲ್ಲಿ ಮ್ಯಾನೇಜರ್‌ನ ಕೇಳ್ತಾ ನಿಂತ್ಕೋತೀಯೇನೋ? ತೆಗಿ ಅಂದೆ!"

ಜೀವನದಲ್ಲಿ ಮೊದಲ ಸಲ ಅವನ ಗಡಿಬಿಡಿ ನನ್ನ ಪಾಲಿಗೆ ವರವಾಯಿತು. ಕೀ ಎಲ್ಲಿಂದ ತಂದನೋ, ಯಾರಿಗೆ ಏನು ಹೇಳಿದನೋ, ನಾನು ಹಿಂದೆ ಕೂರುವ ಮೊದಲೇ ಸ್ಕೂಟರ್ ಹೊರಟಿತ್ತು. ಮೊಟ್ಟೆಯ ವ್ಯಾನು ಬಾಗಿಲು ತೆರೆದುಕೊಂಡು ಬಿಸಿಲಲ್ಲೇ ನಿಂತಿತ್ತು.

"ಎಲ್ಲಿಗಕ್ಕಾ?"

ಆಸ್ಪತ್ರೆಗೆ ಎರಡು ದಾರಿ. ಒಂದು ಗುಡ್ಡದ ಏರು ಹತ್ತಿ ಇಳಿಯುವುದು, ಹತ್ತಿರದ್ದು. ಇನ್ನೊಂದು ರೈಲ್ವೆ ಗೇಟಿನ ಮೇಲೆ ಹಾದು ಸುತ್ತಿಕೊಂಡು ಹೋಗುವುದು. ಬೇರೆ ಯಾರ ಗಂಡನಾಗಿದ್ದರೂ ಯಾವ ದಾರಿ ಹಿಡಿದ ಎಂದು ತಲೆ ಚಚ್ಚಿಕೊಳ್ಳಬೇಕಿತ್ತು. ನಾನು ಚಚ್ಚಿಕೊಳ್ಳಬೇಕಿರಲಿಲ್ಲ. "ಹಳೇ ಎಂಜಿನ್ನು, ಏರು ಹತ್ತಿಸಬೇಡಿ, ಸುತ್ತಾದ್ರೂ ಪರವಾಗಿಲ್ಲ ಗೇಟಿನ ದಾರಿಯಲ್ಲೇ ಹೋಗಿ" ಎಂದು ನಾನೇ ಹೇಳಿದ್ದೆ.

"ರೈಲ್ವೆ ಗೇಟು" ಎಂದೆ.

ಹೇಳಿದ ಮೇಲೆ ಉಳಿದದ್ದೂ ಒಂದೊಂದಾಗಿ ಕಣ್ಣಿಗೆ ಕಟ್ಟತೊಡಗಿತು. ಗೇಟು ಹಾಕಿದ್ದರೆ ಅವರು ಎಂಜಿನ್ ಆರಿಸುತ್ತಾರೆ. ಪೆಟ್ರೋಲ್ ಉಳಿಯಲಿ ಎಂದು ಹೇಳಿದವಳು ನಾನು. ಆರಿಸಿದ ಗಾಡಿ ಬಿಸಿಲಲ್ಲಿ ನಿಂತು ಇನ್ನೂ ಕಾಯುತ್ತದೆ, ಗಾಳಿಯಿಲ್ಲ, ಸೋರಿದ್ದೆಲ್ಲ ಬಾನೆಟ್ಟಿನೊಳಗೇ ಆವಿಯಾಗಿ ತುಂಬಿಕೊಳ್ಳುತ್ತದೆ. ಗೇಟು ತೆಗೆದಾಗ ಅವರು ಕೀ ಹಿಡಿಯುತ್ತಾರೆ. ಬಿಸಿ ಇದೆಯಲ್ಲ, ಆದ್ದರಿಂದ ಸುಮ್ಮನೆ ಸೆಲ್ಫ್ ಹೊಡೆಯುವುದಿಲ್ಲ. ಅರ್ಧ ತಿರುಗಿಸುತ್ತಾರೆ, ಆಫ್. ಮತ್ತೆ ಅರ್ಧ, ಆಫ್. ಪ್ರತಿ ಸಲವೂ ಪಂಪು ನೂಕುತ್ತದೆ, ಪ್ರತಿ ಸಲವೂ ಇನ್ನಷ್ಟು ಸೋರುತ್ತದೆ. ಸಾಕಷ್ಟು ಸುರಿದ ಮೇಲೆ, ಕೊನೆಗೆ, ನಾನು ಹೇಳಿಕೊಟ್ಟ ಕ್ರಮದಲ್ಲೇ, ಸೆಲ್ಫ್ ಹೊಡೆಯುತ್ತಾರೆ. ಸೆಲ್ಫಿನ ಮೋಟಾರಿನಲ್ಲಿ ಕಿಡಿ ಹಾರುತ್ತದೆ.

ಆ ಎಣ್ಣೆ ಬಟ್ಟೆಯೂ ನನ್ನದೇ ಪಾಠ. "ಎಣ್ಣೆ ಬಟ್ಟೆ ಕಾರೊಳಗೆ ಬಿಡಬೇಡಿ, ಬೆಂಕಿಗೆ ಅದೇ ಮೊದಲ ತುತ್ತು" ಎಂದು ಎಷ್ಟು ಸಲ ಕೂಗಾಡಿದ್ದೇನೋ. ಕೆಂಪು ಬಟ್ಟೆಯ ಅರ್ಥ ಏನು ಎಂದು ಮಾತ್ರ ಒಂದು ಸಲವೂ ಹೇಳಿರಲಿಲ್ಲ. ಅದು ಶೆಡ್ಡಿನ ವಿಷಯ, ಟೈಲರಿಗೆ ಯಾಕೆ ಎಂದುಕೊಂಡಿದ್ದೆ. ಅವರು ನನ್ನ ಒಂದು ಮಾತನ್ನಾದರೂ ಮೀರಿದ್ದರೆ ಬದುಕಿಕೊಳ್ಳುತ್ತಿದ್ದರು. ಫೋನು ಎತ್ತಿದ್ದರೆ, ಏರು ಹತ್ತಿದ್ದರೆ, ಎಣ್ಣೆ ಬಟ್ಟೆಯನ್ನು ಅಲ್ಲೇ ಬಿಟ್ಟು ಯೋಚಿಸಿದ್ದರೆ. ದೇವರೇ, ಇವತ್ತೊಂದು ದಿನ ಆ ಮನುಷ್ಯನಿಗೆ ನನ್ನ ಮಾತು ಕೇಳದಿರುವ ಬುದ್ಧಿ ಕೊಡು ಎಂದು ಸ್ಕೂಟರಿನ ಹಿಂದೆ ಕೂತು ಬೇಡಿಕೊಂಡೆ.

ಸಂದಿಯ ಮೂಲೆಯಲ್ಲಿ ಟೈರ್ ಅಂಗಡಿಯವನು ನನ್ನನ್ನು ನೋಡಿ ಕೈಯೆತ್ತಿದ. ಗಡಿಬಿಡಿ ನಿಧಾನ ಮಾಡಿದ.

"ಏನಮ್ಮಾ ಮೆಕ್ಯಾನಿಕ್, ನಿಮ್ಮ ಮನೆಯವರ ಗಾಡಿ ಇಟ್ಟಿಗೆ ಭಟ್ಟಿ ಆಗಿದ್ಯಲ್ಲ! ಆ ಪರಿ ಕರೀ ಹೊಗೆ. ನನ್ನ ಅಂಗಡಿಯೊಳಗೆಲ್ಲ ಪೆಟ್ರೋಲ್ ವಾಸನೆ ಬಿಟ್ಟೋದ್ರು!"

"ಎಷ್ಟೊತ್ತಾಯ್ತು?"

"ಈಗ. ಈಗಿನ್ನೂ ಹೋದ್ರು."

ಹೊಗೆ ಕಪ್ಪಾಗಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಮೇರೆ ಮೀರಿ ಸುರಿಯುತ್ತಿದೆ ಎಂದು ಅರ್ಥ. ಅದು ನನಗೆ ಗೊತ್ತಿದ್ದದ್ದೇ. ವಾಸನೆ ಅಂಗಡಿಯ ಒಳಗೆ ಬರುವಷ್ಟಿದೆ ಎಂದರೆ ಹೊರಗೂ ಸೋರುತ್ತಿದೆ. ಅದು ಬರೀ ನನ್ನ ಭಯವಾಗಿರಲಿ ಎಂದು ಅಲ್ಲಿಯ ತನಕ ಅಂದುಕೊಂಡಿದ್ದೆ.

"ಅಕ್ಕಾ, ಹೆದರ್ಕೋಬೇಡಿ" ಎಂದ ಗಡಿಬಿಡಿ. "ಸಿನಿಮಾದಲ್ಲಿ ತೋರಿಸ್ತಾರಲ್ಲ, ಹಾಗೆಲ್ಲ ಕಾರು ಢಮಾರ್ ಅನ್ನಲ್ಲ."

"ಬಾಯ್ಮುಚ್ಕೊಂಡು ಓಡ್ಸೋ. ಢಮಾರ್ ಅನ್ನಲ್ಲ, ಗೊತ್ತು ನನಗೆ. ಬುಸ್ ಅಂತ ಹತ್ಕೊಳ್ಳುತ್ತೆ. ಹಿಂದಿನ ಬಾಗಿಲ ಹಿಡಿ ಒಳಗಿನಿಂದ ತೆಗೆಯಕ್ಕೇ ಬರಲ್ಲ ಕಣೋ."

ಆ ಹಿಡಿಯನ್ನೂ ರಿಪೇರಿ ಮಾಡದೆ ಬಿಟ್ಟವಳು ಯಾರು ಎಂದು ಅವನು ಕೇಳಲಿಲ್ಲ. ಒಳ್ಳೆಯ ಹುಡುಗ.

ಗೇಟಿನ ರಸ್ತೆಗೆ ತಿರುಗುತ್ತಲೇ ದೂರದಲ್ಲಿ ಕೆಂಪು ಬಿಳಿ ಪಟ್ಟೆಯ ಅಡ್ಡಕಂಬ ಕಂಡಿತು. ಗೇಟು ಹಾಕಿತ್ತು. ಲಾರಿ, ವ್ಯಾನು, ಕಾರು, ಬೈಕು ಸೇರಿ ಉದ್ದದ ಸಾಲು. ರೈಲು ಹೋಗುತ್ತಿತ್ತು, ಗೂಡ್ಸು ಗಾಡಿ. ಅಷ್ಟುದ್ದದ ಗೂಡ್ಸು ಗಾಡಿಗೆ ಹಿಂದೆಲ್ಲ ಬೈದವಳು, ಅವತ್ತು ಅದು ಮುಗಿಯದಿರಲಿ ಎಂದು ಹಾರೈಸಿದೆ. ಅದರ ಕೊನೆಯ ಡಬ್ಬಿ ದಾಟುವ ತನಕ ಯಾರೂ ಸ್ಟಾರ್ಟ್ ಮಾಡುವುದಿಲ್ಲ.

ಸಾಲಿನ ನಡುವೆ ಸ್ಕೂಟರ್ ನುಗ್ಗಲಾರದೆ ನಿಂತಿತು. ಇಳಿದು ಓಡಿದೆ. ಲಾರಿಗೂ ಲಾರಿಗೂ ನಡುವೆ ನುಸುಳಿಕೊಂಡು, ಯಾರದೋ ಕನ್ನಡಿಗೆ ಭುಜ ಬಡಿದುಕೊಂಡು ಓಡಿದೆ. ಟಾರಿನ ಮೇಲೆ ಒದ್ದೆ ಚುಕ್ಕೆಗಳ ಸಾಲು ಕಂಡಿತು. ಕೆಲವು ಆಗಲೇ ಆರಿದ್ದವು, ಮುಂದೆ ಹೋದಂತೆ ಒದ್ದೆ ಹೆಚ್ಚುತ್ತಿತ್ತು. ವಾಸನೆಯೂ ಬಂತು. ದಿನವೂ ಕುಡಿಯುವ ನೀರಿನಷ್ಟು ಪರಿಚಯದ ವಾಸನೆ ಅದು, ಒಂದು ದಿನವೂ ನನ್ನನ್ನು ಹೆದರಿಸಿರಲಿಲ್ಲ. ಅವತ್ತು ಹೆದರಿಸಿತು.

ನಮ್ಮ ಕಾರು ಕಂಡಿತು. ಪಕ್ಕದ ಲಾರಿಯ ಡ್ರೈವರ್ ಕೆಳಗಿಳಿದು ಚಕ್ರಕ್ಕೆ ಒರಗಿಕೊಂಡು ಸಿಗರೇಟು ಸೇದುತ್ತಿದ್ದ. ನಮ್ಮ ಬಾನೆಟ್ಟಿಗೂ ಅವನ ಕೈಗೂ ಒಂದು ಮಾರು ದೂರವೂ ಇರಲಿಲ್ಲ.

"ಆರ್ಸೋ! ಸಿಗರೇಟ್ ಆರ್ಸೋ! ಅಲ್ಲಿ ಎಸೀಬೇಡ, ಆ ಕಡೆ ತಗೊಂಡೋಗು!"

ಅವನಿಗೆ ಕೇಳಿಸಲಿಲ್ಲ, ರೈಲಿನ ಸದ್ದು. ಊರಿಗೆಲ್ಲ ಜೋರು ಎನಿಸಿಕೊಂಡ ನನ್ನ ಬಾಯಿ ಬೇಕಾದ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ. ಹತ್ತಿರ ಹೋಗಿ ಅವನ ರಟ್ಟೆ ಹಿಡಿದು ರಸ್ತೆಯಾಚೆಗೆ ನೂಕಿದೆ. ಅವನು ಏನೋ ಬೈದ. ನಂತರ ಮೂಗು ಅರಳಿಸಿದ, ನಮ್ಮ ಕಾರಿನ ಅಡಿಗೆ ನೋಡಿದ, ಮುಖ ಬಿಳಿಚಿಕೊಂಡಿತು. ಸಿಗರೇಟನ್ನು ಅಂಗೈ ಬೊಗಸೆಯಲ್ಲಿ ಮುಚ್ಚಿಕೊಂಡು ಹಳ್ಳದ ಕಡೆಗೆ ಓಡಿದ.

ರೈಲಿನ ಕೊನೆಯ ಡಬ್ಬಿ ದಾಟಿತು. ಸದ್ದು ನಿಂತ ಕೂಡಲೇ ಸಾಲಿನ ಗಾಡಿಗಳೆಲ್ಲ ಒಂದೊಂದಾಗಿ ಸ್ಟಾರ್ಟ್ ಆಗತೊಡಗಿದವು. ಅಡ್ಡಕಂಬ ಇನ್ನೂ ಎದ್ದಿರಲಿಲ್ಲ.

ನಾನು ಕಾರಿನ ಹಿಂಬದಿಗೆ ಬಂದಿದ್ದೆ. ಹಿಂದಿನ ಗಾಜಿನಲ್ಲಿ ಅಮ್ಮನ ತಲೆ ಕಂಡಿತು, ಅದರಾಚೆ ಅವರ ಹೆಗಲು. ಅವರ ಬಲ ಮೊಣಕೈ ಸ್ವಲ್ಪ ಮುಂದಕ್ಕೆ ಬಾಗಿತು. ಪಂಪು ಗೊಯ್ ಎಂದಿತು, ನಿಂತಿತು. ನನಗೆ ಆ ಸದ್ದು ಗುಂಡಿಗೆಯೊಳಗೇ ಕೇಳಿತು. ಮತ್ತೆ ಗೊಯ್ ಎಂದಿತು, ನಿಂತಿತು. ಕಾರಿನ ಕೆಳಗೆ ಚುಳುಚುಳು ಸುರಿಯಿತು. ಹನಿಯಲ್ಲ ಈಗ, ಎಳೆ.

"ರೀ! ಬೇಡ ರೀ! ಬೇಡ!"

ಪಂಪು ಮತ್ತೊಮ್ಮೆ ಗೊಯ್ ಎಂದಿತು. ಇನ್ನು ಸೆಲ್ಫು. ನಾನು ಕಿಟಕಿಯೊಳಗೆ ಕೈ ತೂರಿಸಿ, ಇದ್ದ ಶಕ್ತಿಯೆಲ್ಲ ಹಾಕಿ ಅವರ ಮುಂಗೈಗೆ ಹೊಡೆದೆ. ಅವರು "ಅಯ್ಯೋ!" ಎಂದು ಕೈ ಕೊಡವಿದರು. ಕೀ ಹಿಂದಕ್ಕೆ ತಿರುಗಿಸಿ ಕಿತ್ತುಕೊಂಡೆ. ಕೆನ್ನೆಗೂ ಒಂದು ಬಿತ್ತೋ ಏನೋ, ನನಗೆ ಸ್ಮರಣೆಯಿಲ್ಲ. ಬಿತ್ತು ಎಂದು ಆಮೇಲೆ ಅಮ್ಮ ಹೇಳಿದಳು.

"ಲೇ! ಯಾಕೇ ಅವರಿಗೆ ಹೊಡೀತೀಯ?" ಅಮ್ಮ ಹಿಂದಿನಿಂದ ಕೂಗಿದಳು. "ನೀನು ಹೇಳಿಕೊಟ್ಟ ಹಾಗೇ ತಾನೇ ಮಾಡ್ತಿದ್ದಿದ್ದು ಅವರು!"

"ಇಳೀರಿ. ಇಬ್ರೂ ಇಳೀರಿ. ಮಾತಾಡಬೇಡಿ."

ಅಮ್ಮನ ಬಾಗಿಲನ್ನು ಹೊರಗಿನಿಂದ ತೆಗೆದು, ಅವಳನ್ನು ಹೆಚ್ಚುಕಡಿಮೆ ಎತ್ತಿಕೊಂಡು ರಸ್ತೆಯ ಆ ಬದಿಯ ಮರದ ಕೆಳಗೆ ಕೂರಿಸಿದೆ. ಅವರು ಯಾಕೆ, ಏನು ಎಂದು ಕೇಳದೆ ಹಿಂದೆಯೇ ಬಂದು ನಿಂತರು. ಅಡ್ಡಕಂಬ ಎದ್ದಿತು. ಹಿಂದಿನವರೆಲ್ಲ ಹಾರನ್ ಬಾರಿಸಿದರು, ಬೈದರು. ಸಿಗರೇಟಿನ ಲಾರಿಯವನೇ ವಾಪಸು ಬಂದು ಕೈ ಅಡ್ಡ ಹಿಡಿದು ಗಾಡಿಗಳನ್ನು ಒಂದು ಬದಿಯಿಂದ ಬಿಟ್ಟ. ಗಡಿಬಿಡಿ ಯಾವನದೋ ಹೊಲದ ಬದುವಿನಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದ ಪೆಟ್ರೋಲಿನ ಮೇಲೆ ಚೆಲ್ಲಿದ. ನಾಲ್ಕು ಜನ ಸೇರಿ ಕಾರನ್ನು ಮೆಲ್ಲಗೆ ನೂಕಿ ರಸ್ತೆಯಿಂದಾಚೆಗೆ ತಂದರು.

ಬಾನೆಟ್ ಎತ್ತಿದೆ. ಬಿಸಿ ಆವಿ ಮುಖಕ್ಕೆ ಬಡಿಯಿತು, ಕಣ್ಣಲ್ಲಿ ನೀರು ಬಂತು. ಇಕ್ಕಳ ಇಟ್ಟ ಜಾಗದಲ್ಲೇ ಇತ್ತು, ಪೈಪನ್ನು ಕಚ್ಚಿಕೊಂಡು. ಗೇಜಿನ ಬಾಯಿಯ ಬಿರಡೆಯ ಸುತ್ತ ಪೆಟ್ರೋಲ್ ಹೊಳೆಯುತ್ತಿತ್ತು. ಬೆರಳು ಇಟ್ಟರೆ ಬಿರಡೆ ಅಲ್ಲಾಡಿತು. ಪಾನಾ ಹಾಕಿರಲಿಲ್ಲ ನಾನು. ಅಲ್ಲಿಂದ ಹರಿದ ಪೆಟ್ರೋಲ್ ಎಂಜಿನ್ನಿನ ಮೈಮೇಲೆ ಇಳಿದು, ಹೊಗೆ ಕೊಳವೆಯ ಪಕ್ಕದಲ್ಲೇ ಕೆಳಗೆ ಸುರಿದಿತ್ತು. ಎಷ್ಟು ಪಕ್ಕದಲ್ಲಿ ಎಂದು ಹೇಳುವುದಿಲ್ಲ; ಹೇಳಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಎಂಜಿನ್ನಿನ ಬಿಸಿ ಇಳಿಯುವ ತನಕ ಏನನ್ನೂ ಮುಟ್ಟಲಿಲ್ಲ. ಮುಟ್ಟಿದರೆ ಸುಡದಷ್ಟಾದ ಮೇಲೆ ಇಕ್ಕಳ ಬಿಡಿಸಿದೆ. ಒತ್ತಡ ಸುಯ್ ಎಂದು ಟ್ಯಾಂಕಿಗೆ ಇಳಿಯಿತು. ಹೆಗಲ ಚೀಲದಿಂದ ಪಾನಾ ತೆಗೆದು ಬಿರಡೆ ಬಿಗಿದೆ. ಒದ್ದೆಯಾದಲ್ಲೆಲ್ಲ ಒರೆಸಿದೆ, ಬಾನೆಟ್ ತೆರೆದೇ ಬಿಟ್ಟು ಗಾಳಿಯಾಡಲು ಬಿಟ್ಟೆ. ಅಮ್ಮ ಮರದ ಕೆಳಗೆ ಒಂದೇ ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಳು. ಗಡಿಬಿಡಿ ಮೊಟ್ಟೆಯ ನೆನಪಾಗಿ ತಲೆ ಮೇಲೆ ಕೈ ಹೊತ್ತುಕೊಂಡು ಹೋದ.

ಆಮೇಲೆ ಗಂಡನ ಮುಂದೆ ನಿಂತು ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ.

"ರೀ, ಇಕ್ಕಳ ಬಿಟ್ಟು ಹೋದವಳು ನಾನು. ಬಿರಡೆ ಬಿಗಿಯದೆ ಹೋದವಳು ನಾನು. ಆ ಕೆಂಪು ಬಟ್ಟೆ ಇದ್ರೆ ಗಾಡಿ ಮುಟ್ಟಬಾರದು ಅಂತ ನಿಮಗೆ ಹೇಳದೇ ಇದ್ದವಳೂ ನಾನೇ. ಇನ್ನೊಂದು ಸಲ ಕೀ ತಿರುಗಿಸಿದ್ರೆ ನೀವಿಬ್ರೂ..."

ಅವರು ನನ್ನ ಮುಖ ನೋಡಿದರು. ಅವರ ಮುಂಗೈ ಕೆಂಪಗೆ ಊದಿಕೊಂಡಿತ್ತು. ಬೈಯುತ್ತಾರೆ ಎಂದು ಕಾದೆ. ಬೈದರೆ ಎಷ್ಟೋ ಹಗುರವಾಗುತ್ತಿತ್ತು.

"ಆಯ್ತು ಬಿಡು. ಈಗ ತೆಗ್ದೆಯಲ್ಲ" ಎಂದರು. "ಡಾಕ್ಟರು ಹೊರಟುಬಿಡ್ತಾರೆ. ಹೋಗೋಣ್ವಾ?"

ನೇರ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಕಿಟಕಿಯಿಂದ ಕೈ ಚಾಚಿದರು, ಕೀಗಾಗಿ. ಈಗಷ್ಟೇ ಸುಟ್ಟುಹೋಗಬೇಕಿದ್ದ ಅದೇ ಸೀಟು. ಕಾರಿನಲ್ಲಿ ಇನ್ನೂ ಪೆಟ್ರೋಲ್ ವಾಸನೆ ಇತ್ತು, ಇಂಜೆಕ್ಟರುಗಳು ಇನ್ನೂ ಸೋರುವವೇ, ಬಾನೆಟ್ ಇನ್ನೂ ತೆರೆದಿತ್ತು. ಅದ್ಯಾವುದನ್ನೂ ಅವರು ನೋಡಲಿಲ್ಲ, ನನ್ನನ್ನು ಮಾತ್ರ ನೋಡುತ್ತಿದ್ದರು.

"ನೀನು ಸರಿ ಅಂದ್ರೆ ಸರಿ. ಕೊಡು ಕೀ."

ಸ್ಕೂಟರಿನ ಮೇಲೆ ಆಗದ ಭಯ, ಸಿಗರೇಟು ನೋಡಿದಾಗ ಆಗದ ಭಯ, ಅವರ ಆ ಚಾಚಿದ ಕೈ ನೋಡಿ ಆಯಿತು. ಈ ಮನುಷ್ಯ ನಾನು ಹೇಳಿದರೆ ಈಗಲೂ ತಿರುಗಿಸುತ್ತಾರೆ. ನಾಳೆಯೂ ತಿರುಗಿಸುತ್ತಾರೆ. ನಾನು ತಪ್ಪಿದ ದಿನ ಅವರನ್ನು ತಡೆಯಲು ಅವರೊಳಗೆ ಯಾರೂ ಇಲ್ಲ.

"ಕೇಳ್ರೀ ನನ್ನ!" ಕಿರುಚಿದೆ. ಮರದ ಕೆಳಗಿದ್ದ ಅಮ್ಮ ಬೆಚ್ಚಿದಳು. "ಒಂದ್ಸಲನಾದ್ರೂ ನನ್ನ ಕೇಳ್ರೀ! ರೋಡಲ್ಲಿ ಹೋಗೋ ಗಿರಾಕಿನೂ ಕೇಳ್ತಾನೆ, ಗ್ಯಾರಂಟಿನಾ ಅಂತ. ನೀವು ಯಾಕ್ರೀ ಕೇಳಲ್ಲ?"

ಅವರು ಕಕ್ಕಾಬಿಕ್ಕಿಯಾದರು. ತಪ್ಪು ಅಳತೆ ಹಿಡಿದಾಗ ಮಾಡುವ ಹಾಗೆ ಒಂದು ಕ್ಷಣ ಹುಬ್ಬು ಗಂಟಿಕ್ಕಿ ಯೋಚಿಸಿದರು. ನಂತರ, ನಾನು ಹೇಳಿದೆ ಎಂಬ ಒಂದೇ ಕಾರಣಕ್ಕೆ, ಮೆಲ್ಲಗೆ ಕೇಳಿದರು.

"ಗ್ಯಾರಂಟಿನಾ?"

ಇಷ್ಟು ವರ್ಷ ಗಿರಾಕಿಗಳಿಗೆ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಒಂದೇ. ಅದು ನಾಲಿಗೆಯ ತುದಿಗೆ ತಾನಾಗಿಯೇ ಬಂದಿತು, ನುಂಗಿಕೊಂಡೆ. ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

"ಇಲ್ಲ ರೀ" ಎಂದೆ. "ಇಳೀರಿ. ಬೇರೆ ಯಾವ್ದಾದ್ರೂ ಗಾಡಿ ಸಿಗುತ್ತೆ, ಅದರಲ್ಲಿ ಹೋಗೋಣ."

ಅವರು ಇಳಿದು ಬಂದರು.